ಸಿಡುಕಿಯ ಹುಬ್ಬುಗಂಟು

ಬಾಡಿಗೆ ಕಾರೊಂದರ ಹಿಂಬದಿ ಸೀಟನ್ನು ನೆಲಕ್ಕೆ ಮಗ್ಗುಲಾಗಿ ಕೆಡವಿಕೊಂಡು, ಮೊಣಕಾಲಿನಿಂದ ಅದುಮಿ ಹಿಡಿದು, ಅವಳು ಹಳೆಯ ಕವರಿನ ಹೊಲಿಗೆ ಬಿಚ್ಚುತ್ತಿದ್ದಳು. ಈ ಕೆಲಸಕ್ಕೆ ಕೈ ಹಗುರವಾಗಿರಬೇಕು. ಬ್ಲೇಡಿನ ತುದಿ ದಾರವನ್ನಷ್ಟೇ ಮುಟ್ಟಬೇಕು, ರೆಕ್ಸಿನ್ನಿಗೆ ಗೀರು ಬೀಳಬಾರದು. ಎಷ್ಟೇ ಹರಿದಿರಲಿ, ಎಷ್ಟೇ ಕೊಳಕಾಗಿರಲಿ, ಹಳೆಯ ಕವರೇ ಹೊಸದಕ್ಕೆ ಅಳತೆ. ಅದನ್ನು ಬಿಡಿಬಿಡಿಯಾಗಿ ಬಿಚ್ಚಿ, ಹೊಸ ರೆಕ್ಸಿನ್ನಿನ ಮೇಲೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸುವುದು. ಹೊಸ ಕವರು ಸುಕ್ಕಿಲ್ಲದೆ ಕೂರುವ ತನಕ ಹಳೆಯದನ್ನು ಕಸಕ್ಕೆ ಹಾಕುವ ಹಾಗಿಲ್ಲ. ಅಂಗಡಿಯ ಮೇಸ್ತ್ರಿ ಮೊದಲ ದಿನವೇ ಕಲಿಸಿದ ಪಾಠ ಅದು.

"ಏನಮ್ಮಾ, ಈ ಸೀಟಲ್ಲಿ ಎಷ್ಟು ಜನ ಕೂತು ಎದ್ದಿರಬಹುದು?" ಸ್ಪಂಜು ಕತ್ತರಿಸುತ್ತಲೇ ಮೇಸ್ತ್ರಿ ಕೇಳಿದರು.

"ಕೂತೋರದ್ದು ಗೊತ್ತಿಲ್ಲ ಮೇಸ್ತ್ರಿ, ತಿಂದೋರದ್ದು ಕೇಳಿ ಹೇಳ್ತೀನಿ. ಅರ್ಧ ಬಿಸ್ಕತ್ತು ಅಂಗಡಿ ಈ ಸಂದೀಲೇ ಇದೆ."

ಮೇಸ್ತ್ರಿ ನಕ್ಕರು. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವಳ ಫೋನು ಗುರ್ ಎಂದಿತು. ಒಂದು ಕೈಯಲ್ಲಿ ಬ್ಲೇಡು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ನೋಡಿದಳು. ತಾಯಂದಿರ ಗುಂಪಿನಲ್ಲಿ ಒಂದು ಪಟ ಬಂದಿತ್ತು. ಗುಲಾಬಿ ಬಣ್ಣದ ಮೋಡ, ಮೋಡದ ನಡುವೆ ಬೆಳಕು, ಬೆಳಕಿನ ನಡುವೆ ಬಿಳಿ ಟೋಪಿ ತೊಟ್ಟು ನಗುತ್ತಿರುವ ಒಂದು ಕೂಸು. ಕೆಳಗೆ ದಪ್ಪ ಅಕ್ಷರ: "ನಗುನಗುತ್ತಾ ಕರ್ತನ ಬಳಿಗೆ ಹೋದ ಕೂಸು. ಶನಿವಾರ ಮಧ್ಯಾಹ್ನ, ತಾಯಂದಿರ ಆನ್‌ಲೈನ್ ಕೂಟದಲ್ಲಿ, ಈ ಕೂಸಿನ ತಾಯಿಯ ನಂಬಿಕೆಯ ಸಾಕ್ಷಿ."

ಪಾಪ, ಯಾರ ಮಗುವೋ ಎಂದುಕೊಂಡಳು. ಆಮೇಲೆ ಟೋಪಿ ನೋಡಿದಳು. ಎಡಗಿವಿಯ ಮೇಲೆ ಅಂಚಿನ ಹೊಲಿಗೆ ಸೊಟ್ಟಗಿತ್ತು. ಆ ಸೊಟ್ಟ ಹೊಲಿಗೆ ಅವಳದೇ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ನಡುಗುವ ಕೈಯಲ್ಲಿ ಹೊಲಿದದ್ದು.

ಮೂಗಿನ ಕೊಳವೆ ಇಲ್ಲ. ಕೆನ್ನೆಗೆ ಅಂಟಿಸಿದ್ದ ಪಟ್ಟಿ ಇಲ್ಲ. ಹುಬ್ಬಿನ ನಡುವಿನ ಗಂಟು ಇಲ್ಲ. ಬಿಗಿದುಕೊಂಡಿದ್ದ ಆ ಪುಟ್ಟ ಬಾಯಿಯನ್ನು ಯಾರೋ ಎರಡೂ ಕಡೆಯಿಂದ ಎಳೆದು ನಗು ಮಾಡಿದ್ದರು.

ಕೈಯಲ್ಲಿದ್ದ ಬ್ಲೇಡು ರೆಕ್ಸಿನ್ನಿನ ಮೇಲೆ ಸರ್ರನೆ ಹರಿದುಹೋಯಿತು.

"ಅಯ್ಯಯ್ಯೋ, ಏನಮ್ಮಾ ಇದು! ಅಳತೇನೇ ಕುಯ್ದುಬಿಟ್ಯಲ್ಲ!" ಮೇಸ್ತ್ರಿ ಎದ್ದು ಬಂದರು.

ಅವಳು ಮಾತಾಡದೆ ಫೋನು ಮುಂದೆ ಹಿಡಿದಳು. ಮೇಸ್ತ್ರಿ ಕನ್ನಡಕ ಏರಿಸಿಕೊಂಡು ನೋಡಿದರು. "ಯಾರ ಮಗೂನಮ್ಮಾ? ಲಕ್ಷಣವಾಗಿ ನಗ್ತಾ ಇದೆ."

"ನಂದೇ ಮೇಸ್ತ್ರಿ. ಬದುಕಿದ್ದಷ್ಟು ದಿನ ಒಂದು ಸಲಾನೂ ನಗಲಿಲ್ಲ ಅದು. ಸತ್ತ ಮೇಲೆ ಹಿಡಿದು ನಗಿಸಿದ್ದಾರೆ."

ಮೇಸ್ತ್ರಿ ಕುಯ್ದ ಕವರನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಹಿಂಭಾಗಕ್ಕೆ ಟೇಪು ಹಚ್ಚಲು ಹೊರಟರು.

ಅವಳ ಸಿಟ್ಟು ಇವತ್ತಿನದಲ್ಲ. ಹುಡುಗಿಯಾಗಿದ್ದಾಗಲೇ ಅವಳ ಮೂಗಿನ ತುದಿಯಲ್ಲಿ ಸಿಟ್ಟು ಕೂತಿರುತ್ತಿತ್ತು. ಶಾಲೆಯ ಸಮವಸ್ತ್ರ ಹೊಲಿಯುವ ಕಡೆ ಕೆಲಸಕ್ಕೆ ಸೇರಿದವಳು, ಅಲ್ಲಿನ ಯಜಮಾನಿ ತೆಳ್ಳನೆಯ ದಾರ ಕೊಟ್ಟು ಗಟ್ಟಿ ಹೊಲಿಗೆ ಕೇಳಿದಳೆಂದು ಕತ್ತರಿ ಮೇಜಿನ ಮೇಲಿಟ್ಟು ಎದ್ದು ಬಂದಿದ್ದಳು. ಕಾರಿನ ಸೀಟು ಗಂಡಸರ ಕೆಲಸ ಎನ್ನುತ್ತಿದ್ದ ಬೀದಿಯಲ್ಲಿ, ಮೇಸ್ತ್ರಿಯ ಅಂಗಡಿಯ ದಪ್ಪ ಸೂಜಿಯ ಮಿಷನ್ನಿಗೆ ಕೂತು, ಒಂದೇ ತಿಂಗಳಲ್ಲಿ ಅಂಚಿನ ಪೈಪಿಂಗನ್ನು ಬೆಣ್ಣೆಯಲ್ಲಿ ಕೂದಲೆಳೆದಂತೆ ಕೂರಿಸಿ ತೋರಿಸಿದ್ದಳು. ನಂಬಿಕೆಯೂ ಅಷ್ಟೇ ಗಟ್ಟಿ. ತಾಯಿಯ ಸೆರಗು ಹಿಡಿದು ಕ್ರೈಸ್ತ ಸಭೆಗೆ ಹೋದವಳು, ಬುದ್ಧಿ ಬಂದ ಮೇಲೆ ತಾನಾಗಿಯೇ ನೀರಿಗಿಳಿದು ದೀಕ್ಷಾಸ್ನಾನ ಮಾಡಿಸಿಕೊಂಡಳು. ಗಂಡ ಸಿಕ್ಕಿದ್ದೂ ಸಭೆಯಲ್ಲೇ. ಲಿಫ್ಟು ರಿಪೇರಿಯವನು. ಭಾನುವಾರ ಸಭೆಯಲ್ಲಿ ಮೈಕು, ಸ್ಪೀಕರು, ವೈರು ಎಲ್ಲ ಅವನದೇ ಉಸ್ತುವಾರಿ. ಬಾಯಿ ಕಡಿಮೆ, ಕೈ ಜಾಸ್ತಿ. ಅವನ ಪಾಲಿನ ಮಾತನ್ನೂ ಸೇರಿಸಿ ಆಡಲು ಮನೆಯಲ್ಲಿ ಅತ್ತೆ ಇದ್ದರು.

ಮಗು ದಿನ ತುಂಬುವ ಮೊದಲೇ ಹುಟ್ಟಿತು. ಗಾಜಿನ ಪೆಟ್ಟಿಗೆಯೊಳಗೆ ಅಂಗೈಯಗಲದ ಜೀವ. ಹುಬ್ಬು ಇನ್ನೂ ನೆಟ್ಟಗೆ ಮೂಡಿರಲಿಲ್ಲ, ಆದರೂ ಅದರ ನಡುವೆ ಗಂಟು. ಮೊದಲ ಸಲ ನೋಡಿದ ಅತ್ತೆ ಗಾಜಿಗೆ ಮೂಗು ಒತ್ತಿ, "ಅಬ್ಬಬ್ಬಾ, ಏನೇ ಇದರ ದೌಲತ್ತು! ನಾವು ತಡವಾಗಿ ಬಂದ್ವಿ ಅಂತ ಜಗಳಕ್ಕೇ ನಿಂತಿದೆಯಲ್ಲೇ! ಸಿಡುಕಿ ಕಣೇ ಇದು, ಸಿಡುಕಿ!" ಎಂದರು. ಸಭೆಯಲ್ಲಿ ಮಗುವನ್ನು ದೇವರಿಗೆ ಒಪ್ಪಿಸುವ ಸಮರ್ಪಣೆಯ ದಿನ ಒಳ್ಳೆಯ ಹೆಸರಿಡುವುದೆಂದು ಮಾತಾಗಿತ್ತು. ಆ ದಿನ ಬರಲೇ ಇಲ್ಲ. ಸಿಡುಕಿ ಎಂಬುದೇ ಹೆಸರಾಗಿ ಉಳಿಯಿತು.

ಒಂದೊಂದು ಉಸಿರಿಗೂ ಆ ಕೂಸು ಪಡುತ್ತಿದ್ದ ಪಾಡೆಲ್ಲ ಆ ಹುಬ್ಬುಗಳ ನಡುವೆ ಬಂದು ಕೂತಿತ್ತು. ತಾಯಿಗೆ ಅದು ಗೊತ್ತು. ಬೇರೆ ಮಕ್ಕಳು ಅತ್ತು ಹಟ ಮಾಡುತ್ತವೆ. ಇದಕ್ಕೆ ಅಳುವಷ್ಟು ಗಾಳಿ ಇರಲಿಲ್ಲ, ಹುಬ್ಬು ಗಂಟಿಕ್ಕಿಕೊಂಡೇ ಹಟ ಮಾಡಿತು. ಒಳಗೆ ಫೋನು ಒಯ್ಯುವಂತಿರಲಿಲ್ಲ. ಕರುಣೆಯುಳ್ಳ ಒಬ್ಬ ನರ್ಸು ತನ್ನ ಫೋನಿನಲ್ಲಿ ಒಂದು ಪಟ ತೆಗೆದು ಕಳಿಸಿದಳು. ಒಂದೇ ಒಂದು ಪಟ. ಕೊಳವೆ, ಪಟ್ಟಿ, ಸೊಟ್ಟ ಹೊಲಿಗೆಯ ಟೋಪಿ, ಹುಬ್ಬಿನ ಗಂಟು. ಅದಾಗಿ ವಾರ ಕಳೆಯುವುದರೊಳಗೆ ಸಿಡುಕಿ ಕಣ್ಣು ಮುಚ್ಚಿತು.

ಮಣ್ಣು ಮಾಡಿ ಬಂದ ಮೇಲೆ ಮನೆಗೆ ಜನ ಬಂದರು. ಬಂದವರೆಲ್ಲ ಒಂದೊಂದು ಮಾತಿನ ಮೂಟೆ ಹೊತ್ತು ತಂದಿದ್ದರು. ದೇವರ ತೋಟಕ್ಕೆ ಒಂದು ಮೊಗ್ಗು ಬೇಕಾಗಿತ್ತಮ್ಮ, ಎಂದಳು ಒಬ್ಬಳು. ನಿನ್ನ ನಂಬಿಕೆಯನ್ನು ಪರೀಕ್ಷೆ ಮಾಡ್ತಿದ್ದಾನೆ, ಎಂದಳು ಇನ್ನೊಬ್ಬಳು. ಇನ್ನೂ ವಯಸ್ಸಿದೆ, ಇನ್ನೊಂದಾಗುತ್ತೆ ಬಿಡು, ಎಂದಳು ಮತ್ತೊಬ್ಬಳು, ಹರಿದ ಕವರು ಬಿಚ್ಚಿ ಬೇರೆ ಹೊಲಿಯುವ ಹಾಗೆ. ಮೊಗ್ಗು ಬೇಕಿದ್ದರೆ ಲೋಕವೆಲ್ಲ ಅವನದೇ ತೋಟವಲ್ಲವೇ, ಕೊಳವೆಯಲ್ಲಿ ಉಸಿರಾಡುವ ಮೊಗ್ಗಿಗೇ ಕೈ ಹಾಕಬೇಕಿತ್ತೇ, ಎಂದು ಅವಳು ಒಳಗೊಳಗೇ ಕುದಿಯುತ್ತಿದ್ದಳು. ಆದರೆ ದೇವರನ್ನು ಬಿಡುವ ಯೋಚನೆ ಅವಳ ತಲೆಗೇ ಬರಲಿಲ್ಲ. ಬಿಟ್ಟರೆ ಜಗಳ ಯಾರ ಹತ್ತಿರ ಆಡುವುದು? ಬೆಳಗ್ಗೆ ಎದ್ದು ಮಂಡಿಯೂರಿದರೆ ಮೊದಲು ಬೈಗುಳ, ಆಮೇಲೆ ಪ್ರಾರ್ಥನೆ.

ಸಭೆಯ ಪಾಸ್ಟರ ಹೆಂಡತಿ, ಪಾಸ್ಟರಮ್ಮನೂ ಆವತ್ತು ಬಂದಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಮಾತಿನ ಮೂಟೆ ತಂದವರು ಕೂತು ಟೀ ಕುಡಿಯುತ್ತಿದ್ದಾಗ, ಆ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲ್ಲರ ಲೋಟ ತೊಳೆದಿಟ್ಟರು. ಹೋಗುವಾಗ, "ಮಗಳೇ, ನಿನ್ನಂಥೋರದ್ದೇ ಒಂದು ಗುಂಪಿದೆ ಫೋನಲ್ಲಿ. ಸೇರಿಸ್ತೀನಿ," ಎಂದು ಅವಳನ್ನು ಆ ಗುಂಪಿಗೆ ಸೇರಿಸಿದರು.

ಗುಂಪಿನ ಹೆಸರು ಮಡಿಲು. ಎಲ್ಲೆಲ್ಲಿಯವರೋ, ಒಬ್ಬರ ಮುಖ ಒಬ್ಬರು ಕಂಡವರಲ್ಲ. ಎಲ್ಲರೂ ವಿಶ್ವಾಸಿಗಳು, ಎಲ್ಲರೂ ಕೂಸನ್ನು ಕಳೆದುಕೊಂಡವರು. ಪಾಸ್ಟರಮ್ಮನೊಬ್ಬರೇ ಕಳೆದುಕೊಳ್ಳದವರು, ಅವರೇ ಯಜಮಾನಿ. ಅಲ್ಲಿ ಒಂದು ರೂಢಿ ಇತ್ತು. ದಿನವೂ ಸಂಜೆ ಬೆಳಕು ಮಂಕಾಗುವ ಹೊತ್ತಿಗೆ ಒಬ್ಬೊಬ್ಬ ತಾಯಿಯೂ ತನ್ನ ಮಗುವಿನ ಹೆಸರು ಬರೆಯುವುದು. ಉಳಿದವರೆಲ್ಲ ಅದರ ಕೆಳಗೆ "ಇದ್ದಾನೆ" ಎಂದೋ "ಇದ್ದಾಳೆ" ಎಂದೋ ಬರೆಯುವುದು. ಇದನ್ನು ಶುರು ಮಾಡಿದವಳು ಬೇಕರಿಯಕ್ಕ, ದೂರದ ಊರೊಂದರ ಬೇಕರಿಯಲ್ಲಿ ಬ್ರೆಡ್ಡಿನ ಹಿಟ್ಟು ನಾದುವವಳು. ಅವಳ ಮಗ ಹಾಲುಗಲ್ಲದ ವಯಸ್ಸಿನಲ್ಲೇ ಹೋಗಿದ್ದ. "ಅವನು ಸ್ಕೂಲಿಗೆ ಸೇರಬೇಕಾಗಿದ್ದ ವರ್ಷ ನನಗೆ ಒಂದೇ ಯೋಚನೆ ಕಣೆ," ಎಂದು ಧ್ವನಿ ಸಂದೇಶದಲ್ಲಿ ಹೇಳಿದ್ದಳು. "ಟೀಚರು ಹಾಜರಿ ಕರೀತಾರೆ, ನನ್ನ ಮಗನ ಹೆಸರು ಕರೆಯೋರೇ ಇಲ್ವಲ್ಲ. ಅದಕ್ಕೆ ನಾವೇ ಕರ್ಕೊಳ್ಳೋಣ ಅಂದೆ."

ಮೊದಲ ಸಂಜೆ ಅವಳು ಸಿಡುಕಿ ಎಂದು ಬರೆದಳು. ನಿಮಿಷದೊಳಗೆ ಇದ್ದಾಳೆ, ಇದ್ದಾಳೆ, ಇದ್ದಾಳೆ ಎಂದು ಫೋನು ಕೈಯಲ್ಲಿ ಮಿಡಿಯತೊಡಗಿತು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಎತ್ತದ ಹೆಸರು. ಗಂಡನಂತೂ ಆ ಮಾತು ಬಂದರೆ ತುಟಿ ಪಿಟಕ್ಕೆನ್ನದೆ ಸ್ಪ್ಯಾನರು ಒರೆಸುತ್ತ ಕೂರುತ್ತಿದ್ದ. ಅವತ್ತು ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಮನಸಾರೆ ಅತ್ತಳು. ಆ ಸಂಜೆಯ ಕರೆಯೊಂದು ಇದ್ದರೆ ಮರುದಿನದ ಕೆಲಸಕ್ಕೆ ಏಳಲಾಗುತ್ತಿತ್ತು.

ಗುಂಪಿಗೆ ಕಟ್ಟಳೆಗಳೂ ಇದ್ದವು. ಏನೇ ಬರೆದರೂ ಕೊನೆಗೆ ಸ್ತೋತ್ರ ಎನ್ನಬೇಕು. ಯಾಕೆ ಎಂಬ ಮಾತು ಎತ್ತಬಾರದು. ಆಸ್ಪತ್ರೆಯ ಪಟ ಹಾಕಬಾರದು. ಅವಳು ಗೊತ್ತಿಲ್ಲದೆ ಹಾಕಿದಾಗ ಪಾಸ್ಟರಮ್ಮ ಕೂಡಲೇ ಅಳಿಸಿ, "ಇಂಥದ್ದು ಬೇರೆ ತಾಯಂದಿರ ಮನಸ್ಸು ಕದಡುತ್ತೆ ಸಿಸ್ಟರ್. ನನಗೆ ಬೇರೆಯಾಗಿ ಕಳಿಸಿ, ಶುಚಿ ಮಾಡಿಸಿ ಕೊಡ್ತೀನಿ," ಎಂದಿದ್ದರು. ಶುಚಿ ಎಂದರೆ ಬೆಳಕು ಸ್ವಲ್ಪ ಸರಿಮಾಡುವುದು ಎಂದುಕೊಂಡು ಕಳಿಸಿದ್ದಳು. ಶುಚಿಯಾದ ಪಟ ಬಂದ ಮೇಲೆ ಹಳೆಯದನ್ನು ಇಟ್ಟುಕೊಳ್ಳಬಾರದು, ಅದು ದುಃಖಕ್ಕೆ ಬಾಗಿಲು ತೆರೆದಿಟ್ಟಂತೆ ಎಂಬುದೂ ಅಲ್ಲಿಯ ಕಟ್ಟಳೆ. ಅದನ್ನು ಅವಳು ಕಿವಿಗೇ ಹಾಕಿಕೊಂಡಿರಲಿಲ್ಲ.

ಈಗ ಅಂಗಡಿಯಲ್ಲಿ ನಿಂತು ಅದು ನೆನಪಾಯಿತು. ಫೋನಿನ ಪಟಗಳನ್ನು ತೆರೆದಳು. ಮೇಲಕ್ಕೆ ಹೋದಳು, ಕೆಳಕ್ಕೆ ಬಂದಳು. ಸೀಟುಗಳ ಪಟವಿತ್ತು, ರೆಕ್ಸಿನ್ ಬಣ್ಣಗಳ ಪಟವಿತ್ತು, ಅತ್ತೆಯ ಔಷಧದ ಚೀಟಿಯ ಪಟವಿತ್ತು. ಸಿಡುಕಿಯ ಪಟ ಇರಲಿಲ್ಲ.

ಆಸ್ಪತ್ರೆಗೆ ಫೋನು ಮಾಡಿದಳು. ಆ ನರ್ಸು ಕೆಲಸ ಬಿಟ್ಟು ಹೋಗಿ ಬಹಳ ದಿನವಾಯಿತು, ನಂಬರು ಗೊತ್ತಿಲ್ಲ, ಎಂದರು.

ಸಂಜೆ ಗಂಡ ಮನೆಗೆ ಬಂದು ಕೈಯ ಗ್ರೀಸು ತೊಳೆಯುತ್ತಿದ್ದಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಪಟ ನೀನಾ ಅಳಿಸಿದ್ದು?"

ಅವನು ಸೋಪು ಹಿಡಿದುಕೊಂಡೇ ನಿಂತ. ಸುಳ್ಳು ಹೇಳಲು ಬಾರದ ಮನುಷ್ಯ. "ಪಾಸ್ಟರಮ್ಮನೋರು ಫೋನ್ ಮಾಡಿದ್ರು. ಹೊಸದು ತಯಾರಾಯ್ತು, ಹಳೇದು ತೆಗೆದುಬಿಡು, ಅವಳ ಕೈಲಿ ಆಗಲ್ಲ ಅಂದ್ರು. ನೀನು ಅದನ್ನ ನೋಡಿ ನೋಡಿ ಊಟ ಬಿಟ್ಟಿದ್ದೆ. ನಿನ್ನ ಒಳ್ಳೇದಕ್ಕೇ..."

"ನನ್ನ ಒಳ್ಳೇದು! ಎಲ್ಲರಿಗೂ ನನ್ನ ಒಳ್ಳೇದೇ ಬೇಕು! ಹಳೇ ಕವರು ಬಿಸಾಕಿದ ಮೇಲೆ ಹೊಸದನ್ನ ಯಾವ ಅಳತೆಗೆ ಕತ್ತರಿಸ್ತೀಯಾ? ಹೇಳು! ನಾಳೆ ನಾನೇ ಮರೆತುಬಿಟ್ರೆ? ಅದರ ಮುಖ ಹೇಗಿತ್ತು ಅಂತ ಯಾವ ಗೋಡೇನ ಕೇಳ್ಲಿ ನಾನು?"

ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದು ಬಂದರು. ವಿಷಯ ತಿಳಿಯಲು ಅವರಿಗೆ ಬಹಳ ಹೊತ್ತು ಬೇಕಾಗಲಿಲ್ಲ.

"ಏನೋ, ನಿನ್ನ ಬುದ್ಧೀನ ಲಿಫ್ಟಲ್ಲಿ ಹಾಕಿ ಮೇಲಕ್ಕೆ ಕಳಿಸಿಬಿಟ್ಟಿದ್ದೀಯೇನೋ? ಹೋಗು, ಇಳಿಸ್ಕೊಂಡು ಬಾ!" ಎಂದರು ಮಗನಿಗೆ. ಆಮೇಲೆ ಸೊಸೆಯ ಕೈಯಿಂದ ಫೋನು ಕಿತ್ತುಕೊಂಡು ಗುಲಾಬಿ ಮೋಡದ ಪಟ ನೋಡಿದರು. ಬಹಳ ಹೊತ್ತು ನೋಡಿದರು. "ಇದು ಯಾರ ಮನೇದೇ? ನಮ್ಮದಲ್ಲ," ಎಂದು ಫೋನನ್ನು ಮಗುಚಿ ಇಟ್ಟರು.

ಮರುದಿನ ಬೆಳಗ್ಗೆ ಪಾಸ್ಟರಮ್ಮನೇ ಫೋನು ಮಾಡಿದರು.

"ಸಿಸ್ಟರ್, ಪಟ ನೋಡಿದ್ರಾ? ಎಷ್ಟು ಜನ ಅತ್ತರು ಗೊತ್ತಾ, ಸಂತೋಷದಿಂದ!"

"ಅಮ್ಮಾ, ನನ್ನ ಮಗು ಪಟ ಎಲ್ಲಿ?"

"ಅದೇನಮ್ಮಾ ಅದು..."

"ಅದಲ್ಲ. ಅದು ನನ್ನ ಮಗು ಟೋಪಿ ಹಾಕ್ಕೊಂಡಿರೋ ಬೇರೆ ಯಾರೋ. ನಾನು ಕಳಿಸಿದ್ದು ಎಲ್ಲಿ?"

"ಅದನ್ನ ಅಳಿಸಿದೆ ಮಗಳೇ. ಆ ಕೊಳವೆ, ಆ ಮುಖ... ಅದು ನೋವಿನ ಗುರುತು. ಈಗ ಅವಳಿಗೆ ನೋವಿಲ್ಲವಲ್ಲ. ಅಲ್ಲಿ ನಗ್ತಾ ಇದ್ದಾಳೆ. ನಾವು ಅದನ್ನೇ ತೋರಿಸಿದ್ದೀವಿ."

"ಅಲ್ಲಿ ನಗ್ತಾಳೋ ಬಿಡ್ತಾಳೋ, ಹೋದಾಗ ನೋಡ್ಕೋತೀನಿ. ಇಲ್ಲಿ ಇದ್ದಾಗ ಹೇಗಿದ್ಲೋ ಅದು ನಂದು. ಅದನ್ನ ಮುಟ್ಟೋಕೆ ನಿಮಗೆ ಯಾರು ಹೇಳಿದ್ರು?"

ಪಾಸ್ಟರಮ್ಮನ ಧ್ವನಿ ಇನ್ನೂ ಮೆತ್ತಗಾಯಿತು. ಆ ಮೆತ್ತಗಿನ ದನಿಯೇ ಅವಳ ಮೈಯೆಲ್ಲ ಉರಿಸುವುದು. "ಕಹಿ ಬೇರು ಬಿಡೋಕೆ ಬಿಡಬಾರದು ಮಗಳೇ. ಒಬ್ಬರ ಕಹಿ ಇಡೀ ಗುಂಪಿಗೆ ಹರಡುತ್ತೆ. ಹಾಗಾದ್ರೆ ನಾನು ಬೇರೆ ತಾಯಂದಿರನ್ನೂ ನೋಡ್ಬೇಕಾಗುತ್ತೆ ಅಲ್ವಾ? ಶನಿವಾರ ಸಾಕ್ಷಿ ಹೇಳಿ, ಮನಸ್ಸು ಹಗುರಾಗುತ್ತೆ. ಮಾತು ನಾನೇ ಬರೆದು ಕಳಿಸಿದ್ದೀನಿ."

ಬರೆದು ಕಳಿಸಿದ ಮಾತು ಹೀಗಿತ್ತು: "ನಾನು ನನ್ನ ಕೂಸನ್ನು ನಗುನಗುತ್ತಾ ಕರ್ತನ ಕೈಗೆ ಒಪ್ಪಿಸಿದೆ. ನನಗೆ ಯಾವ ಪ್ರಶ್ನೆಯೂ ಇಲ್ಲ. ಸ್ತೋತ್ರ."

ಬೆದರಿಕೆ ಅವಳಿಗೆ ಅರ್ಥವಾಗಿತ್ತು. ಬಾಯಿಬಿಟ್ಟರೆ ಗುಂಪಿನಿಂದ ಹೊರಕ್ಕೆ. ಹೊರಗಾದರೆ ಸಂಜೆಯ ಕರೆ ಇಲ್ಲ. ಸಿಡುಕಿ ಎಂದರೆ ಇದ್ದಾಳೆ ಎನ್ನುವವರು ಭೂಮಿಯ ಮೇಲೆ ಯಾರೂ ಇಲ್ಲ. ಮಿಷನ್ನಿನ ಮುಂದೆ ಕೂತು ಅದನ್ನೇ ಯೋಚಿಸಿದಳು. ಸುಮ್ಮನೆ ನಾಲ್ಕು ಮಾತು ಓದಿಬಿಟ್ಟರೆ ಹೆಸರು ಉಳಿಯುತ್ತದೆ, ಮುಖ ಹೋಗುತ್ತದೆ. ಓದದಿದ್ದರೆ ಹೆಸರೂ ಹೋಗುತ್ತದೆ. ಇದೆಂಥ ವ್ಯಾಪಾರ, ಇದೆಂಥ ಮಡಿಲು! ಸಿಟ್ಟಿನಲ್ಲಿ ಪೆಡಲು ಒತ್ತಿದ ರಭಸಕ್ಕೆ ಸೂಜಿ ಮುರಿದು ಚಿಮ್ಮಿತು.

ಶನಿವಾರ ಅಡುಗೆಮನೆಯ ಕಟ್ಟೆಯ ಮೇಲೆ ಸಕ್ಕರೆ ಡಬ್ಬಕ್ಕೆ ಫೋನು ಒರಗಿಸಿಕೊಂಡು ಕೂತಳು. ಪಕ್ಕದಲ್ಲಿ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಪರದೆಯ ಮೇಲೆ ಪುಟ್ಟ ಪುಟ್ಟ ಚೌಕಗಳಲ್ಲಿ ಹೆಂಗಸರ ಮುಖ. ಹಾಡಾಯಿತು, ಪ್ರಾರ್ಥನೆಯಾಯಿತು. ಗುಲಾಬಿ ಮೋಡದ ಪಟ ಪರದೆ ತುಂಬ ಬಂತು. "ಈಗ ನಮ್ಮ ಪ್ರೀತಿಯ ಸಹೋದರಿ," ಎಂದರು ಪಾಸ್ಟರಮ್ಮ.

ಅವಳು ಫೋನಿನ ಹತ್ತಿರಕ್ಕೆ ಬಗ್ಗಿದಳು.

"ನನ್ನ ಮಗಳ ಹೆಸರು ಸಿಡುಕಿ. ನೀವು ನೋಡ್ತಿರೋ ಪಟದಲ್ಲಿ ಇರೋದು ಅವಳಲ್ಲ. ಅವಳಿಗೆ ಮೂಗಲ್ಲಿ ಕೊಳವೆ ಇತ್ತು, ಹುಬ್ಬಲ್ಲಿ ಗಂಟಿತ್ತು. ಅವಳು ನಗ್ತಾ ಹೋಗಲಿಲ್ಲ, ಗುದ್ದಾಡಿಕೊಂಡು ಹೋದ್ಲು. ನಾನೂ ನಗ್ತಾ ಕೊಡಲಿಲ್ಲ. ಕೊಡಲ್ಲ ಅಂತ ಆ ಪೆಟ್ಟಿಗೆ ಹಿಡ್ಕೊಂಡು ಕೂತಿದ್ದೆ, ಇಬ್ಬರು ನರ್ಸು ಸೇರಿ ಕೈ ಬಿಡಿಸಿದ್ರು. ನನಗೆ ದೇವರ ಮೇಲೆ ಸಿಟ್ಟಿದೆ. ದಿನಾ ಅವನ ಮುಖಕ್ಕೇ ಹೇಳ್ತೀನಿ. ಅವನು ಕೇಳಿಸ್ಕೊಂಡು ಸುಮ್ಮನಿದ್ದಾನೆ. ನಿಮಗೆ ಮಾತ್ರ ಕೇಳಿಸ್ಕೊಳ್ಳೋ ಯೋಗ್ಯತೆ ಇಲ್ಲ. ನಿಮ್ಮಲ್ಲಿ ಎಷ್ಟು ಜನರ ಮಕ್ಕಳ ಮುಖ ಹೀಗೆ ಒರೆಸಿ..."

ಧ್ವನಿ ನಿಂತಿತು. ಅವಳ ತುಟಿ ಆಡುತ್ತಿತ್ತು, ಯಾರಿಗೂ ಕೇಳುತ್ತಿರಲಿಲ್ಲ. ಪಾಸ್ಟರಮ್ಮನ ಮುಖ ದೊಡ್ಡದಾಯಿತು. "ಸಿಸ್ಟರ್‌ಗೆ ನೆಟ್‌ವರ್ಕ್ ತೊಂದರೆ ಆಗ್ತಿದೆ. ಎಲ್ಲರೂ ಕಣ್ಣು ಮುಚ್ಚಿ ಅವರಿಗೋಸ್ಕರ ಪ್ರಾರ್ಥನೆ ಮಾಡೋಣ."

"ನೆಟ್‌ವರ್ಕ್ ಅಂತೆ ನೆಟ್‌ವರ್ಕು!" ಅತ್ತೆ ಬಟಾಣಿ ಸಿಪ್ಪೆಯನ್ನು ಪರದೆಯ ಕಡೆ ಎಸೆದರು. "ಫೋನಿಲ್ಲದೆ ಆ ಬೀದಿ ಕೊನೆ ತನಕ ಕೇಳಿಸ್ತಿತ್ತು ನಿನ್ನ ಗಂಟಲು."

ಕೂಟದ ಪರದೆ ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿನಲ್ಲಿ ಗುಂಪಿನಿಂದಲೂ ಅವಳ ಹೆಸರು ಹೋಯಿತು.

ಸಂಜೆ ಬೆಳಕು ಮಂಕಾಯಿತು. ಫೋನನ್ನು ಮಡಿಲಲ್ಲಿಟ್ಟುಕೊಂಡು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಅದು ಕಲ್ಲಿನ ಹಾಗೆ ಬಿದ್ದಿತ್ತು. ಎಲ್ಲೋ ಯಾರೋ ಹೆಸರು ಕರೆಯುತ್ತಿದ್ದಾರೆ, ಎಲ್ಲರೂ ಉತ್ತರ ಕೊಡುತ್ತಿದ್ದಾರೆ. ಸಿಡುಕಿಯ ಸರದಿ ಬಂದು ಹಾಗೇ ದಾಟಿ ಹೋಗಿರುತ್ತದೆ. ಮಗು ಸತ್ತ ದಿನಕ್ಕಿಂತ ಆ ಸಂಜೆಯೇ ಅವಳಿಗೆ ಹೆಚ್ಚು ಕಷ್ಟವಾಯಿತು. ಆವತ್ತು ತೆಗೆದುಕೊಂಡು ಹೋದವನ ಜೊತೆ ಜಗಳಕ್ಕಾದರೂ ದಾರಿ ಇತ್ತು.

ಬೇಕರಿಯಕ್ಕನ ಫೋನು ಬಂದಾಗ ಕತ್ತಲಾಗುತ್ತಿತ್ತು. ಹಿಂದೆ ಒಲೆಯ ಬಾಗಿಲು ಬಡಿಯುವ ಸದ್ದು.

"ಸಿಡುಕಿಯಮ್ಮಾ, ಭೇಷ್ ಕಣೆ. ನನ್ನ ಕೈಲಿದ್ದ ಹಿಟ್ಟಿನ ಮುದ್ದೆ ನೆಲಕ್ಕೆ ಬಿತ್ತು."

"ಭೇಷ್ ಅಂತ ಈಗ ಹೇಳ್ತೀಯಲ್ಲಕ್ಕ. ಆಗ ಒಬ್ಬರಾದ್ರೂ ಬಾಯಿ ಬಿಟ್ರಾ?"

"ಇಲ್ಲ."

"ನೀನೂ ಹೊರಗೆ ಬಾ. ನಾವಿಬ್ಬರೇ ಬೇರೆ ಗುಂಪು ಮಾಡೋಣ."

"ಬರಲ್ಲ ಕಣೆ. ಬಂದ್ರೆ ನನ್ನ ಮಗನಿಗೆ ಅಷ್ಟು ಜನ ಇದ್ದಾನೆ ಅನ್ನೋದು ನಿಂತುಹೋಗುತ್ತೆ. ನೀನೊಬ್ಬಳು ಅಂದ್ರೆ ಸಾಕಾಗಲ್ಲ ನನಗೆ. ಹೇಡಿ ಅನ್ನು ಬೇಕಾದ್ರೆ, ಅನ್ನಿಸ್ಕೋತೀನಿ."

"ಹೇಡಿನೇ ನೀನು!" ಎಂದು ಅವಳು ಫೋನು ಕುಕ್ಕಿದಳು. ಮೈ ಉರಿಯುತ್ತಿತ್ತು. ತನಗೂ ಹಾಗೇ ಅನ್ನಿಸಿತ್ತಲ್ಲ, ಹಾಗೇ ಬಾಯಿ ಮುಚ್ಚಿಕೊಂಡು ಕೂರಲು ಮನಸ್ಸಾಗಿತ್ತಲ್ಲ ಎಂದು ಇನ್ನಷ್ಟು ಉರಿಯಿತು.

ಫೋನು ಮತ್ತೆ ಗುರ್ ಎಂದಿತು. ಬೇಕರಿಯಕ್ಕ ಒಂದು ಪಟ ಕಳಿಸಿದ್ದಳು. ಕೆಳಗೆ ಬರೆದಿದ್ದಳು: "ಯಾವ ತಾಯಿ ಪಟ ಹಾಕಿದ್ರೂ ಬಂದ ತಕ್ಷಣ ಎತ್ತಿಟ್ಕೋತೀನಿ, ಅಮ್ಮನೋರು ಅಳಿಸೋ ಮೊದಲು. ಎಲ್ಲರದ್ದೂ ಇದೆ ನನ್ನ ಹತ್ರ. ನಿನ್ನ ಸಿಡುಕಿ ತಗೋ."

ಕೊಳವೆ ಇತ್ತು. ಪಟ್ಟಿ ಇತ್ತು. ಸೊಟ್ಟ ಟೋಪಿಯ ಕೆಳಗೆ, ಇಡೀ ಲೋಕದ ಮೇಲೆ ದೂರು ಹೇಳಲು ಹೊರಟಂಥ ಹುಬ್ಬಿನ ಗಂಟು ಇತ್ತು.

ಹಿಂದೆ ಗಂಡ ಬಂದು ನಿಂತದ್ದು ಅವಳಿಗೆ ತಿಳಿಯಲಿಲ್ಲ. ಅವನು ಬಗ್ಗಿ, ಗ್ರೀಸು ಇನ್ನೂ ಪೂರ್ತಿ ಹೋಗಿರದ ಬೆರಳುಗಳಿಂದ ಆ ಗಂಟನ್ನು ಸವರಿದ. ಬೆರಳು ತಾಗಿ ಪಟ ದೊಡ್ಡದಾಯಿತು, ಪರದೆ ತುಂಬ ಹುಬ್ಬೇ ಆಯಿತು. ಅವನು ಬೆಚ್ಚಿ ಕೈ ಹಿಂದೆಗೆದ.

"ದಿನಾ ಸಂಜೆ ಅದೇನು ಮಾಡ್ತಿದ್ರಿ ಆ ಗುಂಪಲ್ಲಿ?" ಎಂದು ಕೇಳಿದ. ಇಷ್ಟು ದಿನದಲ್ಲಿ ಮೊದಲ ಸಲ.

ಅವಳು ಹೇಳಿದಳು. ಕರೆಯುವುದು, ಇದ್ದಾಳೆ ಎನ್ನುವುದು. ಅವನು ಕೇಳಿಸಿಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತ. "ಅಪ್ಪಂದಿರಿಗೆ ಯಾರೂ ಇದನ್ನ ಹೇಳಲೇ ಇಲ್ಲ," ಎಂದ. ಅವಳಿಗೆ ಅವನ ಮೇಲಿನ ಸಿಟ್ಟು ಇನ್ನೂ ಆರಿರಲಿಲ್ಲ. ಆದರೆ ಎದ್ದೂ ಹೋಗಲಿಲ್ಲ.

ಭಾನುವಾರ ಸಭೆಗೆ ಹೋಗುವುದು ಬೇಡವೆಂದರು ನೆರೆಯ ವಿಶ್ವಾಸಿಗಳು. ಅವಳು ಯಾರ ಮಾತೂ ಕೇಳಲಿಲ್ಲ. ಟೈರು ಅಂಗಡಿಯ ಮಹಡಿಯಲ್ಲಿ ಸಭೆ ಕೂಡುವ ಹಾಲು, ಪ್ಲಾಸ್ಟಿಕ್ ಕುರ್ಚಿಗಳ ಸಾಲು, ತಿರುಗುತ್ತ ಕಿರುಗುಡುವ ಫ್ಯಾನು. ಗಂಡ ಎಂದಿನಂತೆ ಮೂಲೆಯಲ್ಲಿ ಸೌಂಡಿನ ಪೆಟ್ಟಿಗೆಯ ಹಿಂದೆ. ಅವಳು ಅತ್ತೆಯನ್ನು ಕರೆದುಕೊಂಡು ಮುಂದಿನ ಸಾಲಿನಲ್ಲೇ ಕೂತಳು. ಪಾಸ್ಟರಮ್ಮ ಕಂಡೂ ಕಾಣದಂತೆ ಹಾಡಿನ ಪುಸ್ತಕ ಮಗುಚಿದರು.

ಸ್ತೋತ್ರ ಹೇಳುವವರು ಎದ್ದು ನಿಲ್ಲುವ ಹೊತ್ತು ಬಂತು. ಒಬ್ಬರು ಕೆಲಸ ಸಿಕ್ಕಿದ್ದಕ್ಕೆ, ಇನ್ನೊಬ್ಬರು ಜ್ವರ ಬಿಟ್ಟಿದ್ದಕ್ಕೆ. ಆಮೇಲೆ ಅವಳು ಎದ್ದಳು. ಮೈಕು ಕೊಡಲು ಯಾರೂ ಬರಲಿಲ್ಲ. ಬೇಕಾಗಲೂ ಇಲ್ಲ.

"ಸಿಡುಕಿ!" ಎಂದಳು.

ಪಾಸ್ಟರಮ್ಮ ಎದ್ದು ಬಂದು ಅವಳ ಭುಜ ಮುಟ್ಟಿದರು. "ಕೂತ್ಕೋ ಮಗಳೇ. ಆಮೇಲೆ ನಾನೂ ನೀನೂ ಕೂತು ಮಾತಾಡೋಣ."

"ಕೂರಲ್ಲಮ್ಮಾ. ನಿಮ್ಮ ಗುಂಪಲ್ಲಿ ಕರೆಯೋಕೆ ಬಿಡಲಿಲ್ಲ, ಇಲ್ಲಿ ಕರೆದಿದ್ದೀನಿ. ಕರೆದ ಮೇಲೆ ಉತ್ತರ ಬರ್ಲಿ."

ಪಾಸ್ಟರು ಮೂಲೆಯ ಕಡೆ ತಿರುಗಿ, ಹಾಡು ಹಾಕು ಎಂದು ಕೈಸನ್ನೆ ಮಾಡಿದರು. ಎಲ್ಲರ ತಲೆಯೂ ಅತ್ತ ಹೊರಳಿತು. ಲಿಫ್ಟಿನವನು ಪೆಟ್ಟಿಗೆಯ ಗುಂಡಿಯ ಮೇಲೆ ಕೈಯಿಟ್ಟು ನಿಂತಿದ್ದ. ಸ್ಪೀಕರು ಒಮ್ಮೆ ಕಿರ್ ಎಂದು ಕಿರುಚಿತು. ಅವನು ಮೈಕನ್ನು ಬಾಯಿಯ ಹತ್ತಿರ ತಂದ. ಯಾವತ್ತೂ ಒನ್, ಟೂ, ತ್ರೀ ಎಂದು ಪರೀಕ್ಷೆ ಮಾಡಲಿಕ್ಕೆ ಬಿಟ್ಟರೆ ಅದರಲ್ಲಿ ಬೇರೇನನ್ನೂ ಹೇಳಿದವನಲ್ಲ.

"ಇದ್ದಾಳೆ," ಎಂದ.

ನಾಲ್ಕೂ ಗೋಡೆಯ ಸ್ಪೀಕರಿನಿಂದ ಅದು ಹೊರಬಿತ್ತು. ಕೆಳಗೆ ಟೈರು ಅಂಗಡಿಯಲ್ಲಿ ಸುತ್ತಿಗೆ ಬಡಿಯುತ್ತಿದ್ದವನು ಕೈ ನಿಲ್ಲಿಸಿದ.

"ಇದ್ದಾಳೆ, ಇನ್ನೇನು!" ಎಂದು ಅತ್ತೆ ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಹೆಂಗಸು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು. ಆ ಹೆಂಗಸು ಏನಾದರೂ ಹೇಳಿದಳೋ ಇಲ್ಲವೋ, ತಿಳಿಯಲಿಲ್ಲ, ಏಕೆಂದರೆ ಅಷ್ಟರಲ್ಲಿ ಪಾಸ್ಟರಮ್ಮ ತಾವೇ ದೊಡ್ಡ ದನಿ ತೆಗೆದು ಹಾಡು ಶುರು ಮಾಡಿದರು. ಒಬ್ಬೊಬ್ಬರಾಗಿ ಎಲ್ಲರೂ ಚಪ್ಪಾಳೆ ತಟ್ಟತೊಡಗಿದರು.

ಅವಳು ಹಾಡಲಿಲ್ಲ, ಕೂರಲೂ ಇಲ್ಲ. ಕಣ್ಣಲ್ಲಿ ನೀರಿರಲಿಲ್ಲ. ಬೆಳಗಿನ ಬೈಗುಳ ಇನ್ನೂ ಅರ್ಧ ಬಾಕಿ ಇದ್ದವಳಂತೆ ಮೇಲಕ್ಕೆ ದಿಟ್ಟಿಸುತ್ತ ನಿಂತಿದ್ದಳು.

ಅತ್ತೆ ಓರೆಗಣ್ಣಿನಲ್ಲಿ ಸೊಸೆಯ ಮುಖ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಹಾಡಿನ ಗದ್ದಲದ ನಡುವೆ ಅವಳ ಕಿವಿಯ ಹತ್ತಿರ ಬಗ್ಗಿ, "ನಾನು ಸುಮ್ಮನೆ ನಮ್ಮ ಕಡೆಯೋರನ್ನೆಲ್ಲ ನೆನೆಸ್ಕೊಂಡು ತಲೆ ಕೆಡಿಸ್ಕೊಂಡಿದ್ದೆ ಕಣೇ," ಎಂದರು. "ಆ ಹುಬ್ಬಿನ ಗಂಟು ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು."